ಹನ್ನೆರಡನೇ ಬೆಡ್‌ನ ಬೆಳಗಿನ ಶಿಫ್ಟ್: ನರ್ಸಿಂಗ್ ವಿದ್ಯಾರ್ಥಿಗಳಿಗೆ ರೋಗಿಯ ಆರೈಕೆಯ ಸಮಗ್ರ ಮಾರ್ಗದರ್ಶಿ

ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷದ, ಎಂಟು ಸೆಮಿಸ್ಟರ್‌ಗಳ ಓದು. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಈಗಿನ ಪಠ್ಯಕ್ರಮದಲ್ಲಿ ಮೊದಲೆರಡು ಸೆಮಿಸ್ಟರ್‌ಗಳಲ್ಲೇ ನರ್ಸಿಂಗ್ ಫೌಂಡೇಶನ್ ಬರುತ್ತದೆ. ಸ್ಕಿಲ್ ಲ್ಯಾಬ್‌ನ ಗೊಂಬೆಯ ಮೇಲೆ ಬಿಪಿ, ಸ್ಪಂಜ್ ಬಾತ್, ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಕೆ) ಎಲ್ಲವನ್ನೂ ಬಿಡಿಬಿಡಿಯಾಗಿ ಕಲಿತಿರುತ್ತೀರಿ. ವಾರ್ಡ್‌ಗೆ ಬಂದಾಗ ಅವೆಲ್ಲವನ್ನೂ ಒಬ್ಬರೇ ರೋಗಿಗೆ ಆರು ಗಂಟೆಯೊಳಗೆ ಮಾಡಬೇಕು. ಹೊಸಬರಿಗೆ ಕಷ್ಟವಾಗುವುದು ಇಲ್ಲೇ. ಒಂದೊಂದು ಕೆಲಸವೂ ಗೊತ್ತು, ಆದರೆ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು ಗೊತ್ತಿಲ್ಲ. ಹೊಟ್ಟೆಗೆ ಫೀಡ್ ಹಾಕಿ ಹತ್ತು ನಿಮಿಷಕ್ಕೆ ರೋಗಿಯನ್ನು ಚಪ್ಪಟೆ ಮಲಗಿಸಿ ಬೆನ್ನು ಒರೆಸಿದರೆ, ಎರಡೂ ಕೆಲಸ ಪುಸ್ತಕದಂತೆಯೇ ನಡೆದಿದ್ದರೂ ರೋಗಿಗೆ ನ್ಯುಮೋನಿಯಾ ಬರಬಹುದು.

ಅದಕ್ಕಾಗಿ ಇಲ್ಲಿ ಒಬ್ಬ ರೋಗಿಯನ್ನು ಕಲ್ಪಿಸಿಕೊಂಡು ಇಡೀ ಬೆಳಗನ್ನು ಹೇಳುತ್ತೇವೆ. ಮೆಡಿಕಲ್ ವಾರ್ಡ್, 12ನೇ ಬೆಡ್. 62 ವರ್ಷದ ಗಂಡಸು, ತೂಕ ಸುಮಾರು 60 ಕೆಜಿ. ಮೂರು ದಿನದ ಹಿಂದೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದಿವೆ, ಮಾತು ನಿಂತಿದೆ. ಮೊದಲಿನಿಂದಲೂ ಸಕ್ಕರೆ ಕಾಯಿಲೆ. ಮೂಗಿಗೆ ರೈಲ್ಸ್ ಟ್ಯೂಬ್, ಮೂತ್ರಕ್ಕೆ ಕ್ಯಾತಿಟರ್, ಎಡಗೈಗೆ ಡ್ರಿಪ್ಸ್. ಮೊದಲ ವರ್ಷದವರು ಈ ಯಾವ ಕೆಲಸವನ್ನೂ ಒಬ್ಬರೇ ಮಾಡುವಂತಿಲ್ಲ. ಪಕ್ಕದಲ್ಲಿ ಟ್ಯೂಟರ್ ಅಥವಾ ಸ್ಟಾಫ್ ಇರಲೇಬೇಕು.

ಪೋಸ್ಟಿಂಗ್‌ಗೆ ಮುನ್ನ

ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳು 0, 1 ಮತ್ತು 6ನೇ ತಿಂಗಳಿಗೆ ಬೀಳುತ್ತವೆ. ಅಂದರೆ ಪೋಸ್ಟಿಂಗ್ ಪಟ್ಟಿ ಬಂದ ಮೇಲೆ ಯೋಚಿಸಿದರೆ ತಡವಾಯಿತು, ಕಾಲೇಜಿಗೆ ಸೇರಿದ ವಾರದಲ್ಲೇ ಮೊದಲ ಡೋಸ್ ಹಾಕಿಸಿಕೊಳ್ಳಿ. ಮೂರನೇ ಡೋಸ್ ಆದ ಒಂದೆರಡು ತಿಂಗಳಿಗೆ ಆ್ಯಂಟಿಬಾಡಿ ಪರೀಕ್ಷೆ ಮಾಡಿಸಿ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ರಕ್ಷಣೆ ಸಿಕ್ಕಿದೆ ಎಂದರ್ಥ.

ಉಗುರು ಚಿಕ್ಕದಾಗಿರಲಿ. ಬಳೆ, ಉಂಗುರ, ಕೈಗೆ ಕಟ್ಟಿದ ದಾರ ಬೇಡ, ಅವುಗಳ ಕೆಳಗೆ ಸೋಪು ಇಳಿಯುವುದಿಲ್ಲ. ಸೆಕೆಂಡ್ ಮುಳ್ಳಿನ ಗಡಿಯಾರ, ಜೇಬಿನ ಪುಸ್ತಕ, ಎರಡು ಪೆನ್ನು ಸಾಕು. ಇನ್ನೊಂದು ಮಾತು: ಕಾಲೇಜು ಬಸ್ ತಪ್ಪುತ್ತದೆಂದು ತಿಂಡಿ ಬಿಟ್ಟು ಬರಬೇಡಿ. ಮೊದಲ ವಾರ ವಾರ್ಡ್‌ನಲ್ಲಿ ತಲೆ ಸುತ್ತಿ ಬೀಳುವವರಲ್ಲಿ ಖಾಲಿ ಹೊಟ್ಟೆಯಲ್ಲಿ ಬಂದವರು ಬಹಳ. ಕಣ್ಣು ಕತ್ತಲೆ ಬಂದಂತಾದರೆ ನಾಚಿಕೆ ಪಡದೆ ಪಕ್ಕದವರಿಗೆ ಹೇಳಿ ಕೂತುಬಿಡಿ.

8 ಗಂಟೆ: ಹ್ಯಾಂಡೋವರ್

ರಾತ್ರಿ ಪಾಳಿಯ ಸಿಸ್ಟರ್ ಬೆಡ್‌ನಿಂದ ಬೆಡ್‌ಗೆ ಹೋಗುತ್ತಾ ಹೇಳುವಾಗ ಎಲ್ಲವನ್ನೂ ಬರೆದುಕೊಳ್ಳಲು ಹೋಗಬೇಡಿ. ನಿಮ್ಮ ರೋಗಿಯ ಬಗ್ಗೆ ಐದು ಸಂಗತಿ ಸಿಕ್ಕರೆ ಸಾಕು: ರಾತ್ರಿ ಏನು ಬದಲಾಯಿತು, ಕೊನೆಯ ಸಕ್ಕರೆ ಎಷ್ಟು, ಕೊನೆಯ ಫೀಡ್ ಎಷ್ಟು ಗಂಟೆಗೆ, ಮೂತ್ರ ಎಷ್ಟು, ಯಾವ ಮದ್ದು ಬಾಕಿ. ಯಾವುದನ್ನಾದರೂ ಅವರು ಹೇಳದಿದ್ದರೆ ಅವರು ಮನೆಗೆ ಹೊರಡುವ ಮುನ್ನ ಕೇಳಿ. ಹೊರಟ ಮೇಲೆ ಆ ಮಾಹಿತಿ ಕೇಸ್ ಶೀಟ್‌ನಲ್ಲಿ ಸಿಗುತ್ತದೆ ಎಂದು ನಂಬುವಂತಿಲ್ಲ.

ಮುಟ್ಟುವ ಮೊದಲು ನೋಡುವುದು

ಬೆಡ್‌ನ ಕಾಲ ಬಳಿ ಒಂದು ನಿಮಿಷ ಸುಮ್ಮನೆ ನಿಲ್ಲಿ. ಉಸಿರು ಹೇಗಿದೆ? ಮುಖ ಬೆವರಿದೆಯೇ? ಬಲಗೈ ಮೈ ಕೆಳಗೆ ಸಿಕ್ಕಿಕೊಂಡಿದೆಯೇ? ಡ್ರಿಪ್ಸ್ ಹನಿ ಬೀಳುತ್ತಿದೆಯೇ? ಮೂತ್ರದ ಚೀಲ ನೆಲಕ್ಕೆ ತಾಗಿದೆಯೇ? ಬೆಡ್‌ನ ಪಕ್ಕದ ಟೇಬಲ್ ಮೇಲೆ ಏನಿದೆ? ಕಾಫಿ ಲೋಟ ಇದ್ದರೆ ಅದೇ ಮೊದಲ ಕೆಲಸ. ನುಂಗುವ ಪರೀಕ್ಷೆ ಪಾಸಾಗುವ ತನಕ ಲಕ್ವದ ರೋಗಿಯ ಬಾಯಿಗೆ ಒಂದು ಗುಟುಕು ನೀರನ್ನೂ ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಇಂಥ ಕಡೆ ಕೆಮ್ಮು ಬಂದೇ ಬರುತ್ತದೆ ಎಂದೂ ಇಲ್ಲ. ಮನೆಯವರು ಪ್ರೀತಿಯಿಂದಲೇ ಕೊಡುತ್ತಾರೆ, ಅವರನ್ನು ಗದರಬೇಡಿ. "ಅಮ್ಮಾ, ಇವರಿಗೆ ಗಂಟಲಿನ ಶಕ್ತಿ ಇನ್ನೂ ಬಂದಿಲ್ಲ. ಈಗ ಬಾಯಿಗೆ ಕೊಟ್ಟಿದ್ದು ಹೊಟ್ಟೆಗೆ ಹೋಗಲ್ಲ, ಎದೆಗೆ ಹೋಗುತ್ತೆ" ಎಂದರೆ ಅರ್ಥವಾಗುತ್ತದೆ. ಆಮೇಲೆ 'ಬಾಯಿಗೆ ಏನೂ ಕೊಡಬಾರದು' ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು ತಲೆಯ ಕಡೆ ಅಂಟಿಸಿ. ಎನ್‌ಪಿಒ ಎಂದು ಬರೆದರೆ ನಮಗೆ ಮಾತ್ರ ತಿಳಿಯುತ್ತದೆ.

ಗುರುತು ಖಚಿತಪಡಿಸಿಕೊಳ್ಳಲು "ನೀವು ಇಂಥವರಾ?" ಎಂದು ಕೇಳುವುದು ತಪ್ಪು ಕ್ರಮ. ಕಿವಿ ಮಂದವಿರುವವರು, ಗಾಬರಿಯಲ್ಲಿರುವವರು ಯಾವ ಹೆಸರಿಗೂ ಹೂಂ ಎನ್ನುತ್ತಾರೆ. "ನಿಮ್ಮ ಹೆಸರು ಹೇಳಿ" ಎಂದು ಕೇಳಬೇಕು. ನಮ್ಮ ರೋಗಿಗೆ ಮಾತಿಲ್ಲ, ಆದ್ದರಿಂದ ಕೈಪಟ್ಟಿಯ ಹೆಸರು ಮತ್ತು ಐಪಿ (ಒಳರೋಗಿ) ನಂಬರನ್ನು ಕೇಸ್ ಶೀಟ್ ಜೊತೆ ತಾಳೆ ನೋಡಿ. ಬೆಡ್ ನಂಬರ್ ಗುರುತಲ್ಲ, ರೋಗಿಗಳು ಫ್ಯಾನ್ ಗಾಳಿಗಾಗಿ ಬೆಡ್ ಬದಲಿಸುತ್ತಾರೆ. ಒಂದೇ ವಾರ್ಡ್‌ನಲ್ಲಿ ಇಬ್ಬರು ಲಕ್ಷ್ಮಮ್ಮ ಇರುವುದಂತೂ ದಿನನಿತ್ಯದ ಮಾತು.

ಮಾತು ನಿಂತವರಿಗೆ ಕಿವಿ ಕೇಳಿಸುತ್ತದೆ ಎಂಬುದನ್ನು ಮರೆಯಬೇಡಿ. ಅವರ ತಲೆಯ ಮೇಲೆಯೇ "ಇವರು ಹುಷಾರಾಗೋದು ಕಷ್ಟ" ಎಂದು ಮಾತಾಡಿಕೊಳ್ಳುವುದು ಕ್ರೌರ್ಯ. ಎಡಗಡೆ ನಿಂತು, ಕಣ್ಣಿಗೆ ಕಣ್ಣು ಕೊಟ್ಟು, "ಯಜಮಾನ್ರೇ, ನಾನು ನರ್ಸಿಂಗ್ ವಿದ್ಯಾರ್ಥಿ. ಮಧ್ಯಾಹ್ನ 2 ಗಂಟೆ ತನಕ ನಿಮ್ಮ ಜೊತೆ ಇರ್ತೀನಿ. ಈಗ ಬಿಪಿ ನೋಡ್ತೀನಿ" ಎಂದು ಹೇಳಿ. ಹೌದು-ಅಲ್ಲ ಎನ್ನಲು ಎಡಗೈ ಹೆಬ್ಬೆರಳನ್ನು ಬಳಸಲು ಕಲಿಸಿ.

8.20: ವೈಟಲ್ಸ್

ವೈಟಲ್ಸ್, ಅಂದರೆ ಉಷ್ಣತೆ, ನಾಡಿ, ಉಸಿರು, ಬಿಪಿ ನೋಡುವುದು, ಸ್ಪಂಜ್ ಬಾತ್‌ಗೆ ಮೊದಲೇ ಆಗಬೇಕು. ನೀರು ಮುಟ್ಟಿದ ಮೇಲೆ ಕಂಕುಳಿನ ಉಷ್ಣತೆ ಕಡಿಮೆ ತೋರಿಸುತ್ತದೆ, ಮಗ್ಗುಲು ಬದಲಿಸಿದ ಮೇಲೆ ನಾಡಿ ಏರುತ್ತದೆ.

ಕೈ ತೊಳೆಯಿರಿ: ಹ್ಯಾಂಡ್‌ರಬ್ ಆದರೆ 20ರಿಂದ 30 ಸೆಕೆಂಡು, ಸೋಪು ನೀರಾದರೆ 40ರಿಂದ 60 ಸೆಕೆಂಡು. ಹೆಬ್ಬೆರಳಿನ ಬುಡ ಮತ್ತು ಉಗುರಿನ ತುದಿ ಎಲ್ಲರೂ ಬಿಡುವ ಜಾಗಗಳು.

ಬಿಪಿಯನ್ನು ಬಿದ್ದುಹೋದ ಕೈಯಲ್ಲಿ ನೋಡಬಾರದು. ಎಡಗೈಯಲ್ಲೇ ನೋಡಬೇಕು, ಆದರೆ ಅಲ್ಲಿ ಡ್ರಿಪ್ಸ್ ಇದೆ. ತೋಳಿಗೆ ಸುತ್ತಿದ ಬಿಪಿ ಪಟ್ಟಿ (ಕಫ್) ಬಿಗಿದಾಗ ಡ್ರಿಪ್ಸ್ ನಿಂತು ರಕ್ತ ಹಿಂದೆ ಬರುತ್ತದೆ. ಆದ್ದರಿಂದ ಸ್ಟಾಫ್ ಅವರಿಗೆ ಹೇಳಿ ಆ ಒಂದೆರಡು ನಿಮಿಷ ಡ್ರಿಪ್ ಟ್ಯೂಬ್‌ನ ರೋಲರ್ ಮುಚ್ಚಿ, ಮುಗಿದ ತಕ್ಷಣ ತೆರೆದು ಹನಿ ಎಣಿಸಿ. ಮುಚ್ಚಿದ್ದನ್ನು ಮರೆತು ಹೋಗುವುದೇ ಇಲ್ಲಿಯ ಸಾಮಾನ್ಯ ತಪ್ಪು, ಕ್ಯಾನುಲಾದಲ್ಲಿ (ರಕ್ತನಾಳಕ್ಕೆ ಹಾಕಿದ ನಳಿಕೆ) ರಕ್ತ ಹೆಪ್ಪುಗಟ್ಟಿ ಇನ್ನೊಂದು ಸಲ ಚುಚ್ಚಬೇಕಾಗುತ್ತದೆ.

ಕಫ್‌ನೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ 80 ಶೇಕಡಾ ಉದ್ದ, 40 ಶೇಕಡಾ ಅಗಲ ಇರಬೇಕು. ದಪ್ಪ ತೋಳಿಗೆ ಚಿಕ್ಕ ಕಫ್ ಕಟ್ಟಿದರೆ ಬಿಪಿ ಸುಳ್ಳೇ ಹೆಚ್ಚು ಬರುತ್ತದೆ. ತೋಳು ಹೃದಯದ ಮಟ್ಟಕ್ಕಿಂತ ಕೆಳಗೆ ಜೋತುಬಿದ್ದರೂ ಹೆಚ್ಚೇ. ಕಫ್‌ನ ಕೆಳ ಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಲಿ. ಮೊದಲು ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿ, ನಾಡಿ ಮಾಯವಾದ ಅಂಕಿಯನ್ನು ನೆನಪಿಡಿ. ಪೂರ್ತಿ ಗಾಳಿ ಬಿಟ್ಟು ಅರ್ಧ ನಿಮಿಷ ತಡೆಯಿರಿ. ಈಗ ಸ್ಟೆತ್ ಇಟ್ಟು ಆ ಅಂಕಿಗಿಂತ 30 ಮೇಲೆ ತುಂಬಿ, ಸೆಕೆಂಡಿಗೆ 2ರಿಂದ 3 ಮಿಲಿಮೀಟರ್‌ನಂತೆ ಇಳಿಸಿ. ನಾಡಿ ಹಿಡಿಯುವ ಹಂತ ಬಿಟ್ಟವರಿಗೆ, ಬಿಪಿ ಹೆಚ್ಚಿರುವ ಕೆಲವರಲ್ಲಿ ಸದ್ದು ನಡುವೆ ನಿಂತು ಮತ್ತೆ ಶುರುವಾಗುವುದು ತಿಳಿಯದೆ, 190 ಇದ್ದದ್ದು 150 ಎಂದು ದಾಖಲಾಗಬಹುದು.

ಕೈಯಲ್ಲಿ ನೋಡುವ ಬಿಪಿ ಉಪಕರಣದ ಗೆರೆಗಳು ಎರಡೆರಡು ಮಿಲಿಮೀಟರ್‌ಗೆ ಒಂದರಂತೆ ಇರುತ್ತವೆ. ಅದರಲ್ಲಿ ನೋಡಿ 135 ಎಂದು ಬರೆದಿದ್ದರೆ ಅದು ಓದಿದ್ದಲ್ಲ, ಅಂದಾಜು. ನೋಡದೆ ನಿನ್ನೆಯ ಅಂಕಿಯನ್ನು ಇಳಿಸಿಕೊಳ್ಳುವುದಂತೂ ಎಂದೂ ಮಾಡಬಾರದ ಕೆಲಸ. ಆ ಅಂಕಿ ನೋಡಿ ಡಾಕ್ಟರು ಮದ್ದಿನ ಡೋಸ್ ಬದಲಿಸುತ್ತಾರೆ. ಸಿಗದಿದ್ದರೆ "ಸಿಸ್ಟರ್, ನನಗೆ ಸದ್ದು ಕೇಳಿಸಲಿಲ್ಲ" ಎನ್ನಿ. ಹಾಗೆ ಹೇಳಿದ ವಿದ್ಯಾರ್ಥಿಯನ್ನು ನಂಬಿ ಮುಂದಿನ ಕೆಲಸ ಕೊಡಬಹುದು.

ನಾಡಿಯನ್ನು ಪೂರ್ತಿ 60 ಸೆಕೆಂಡು ಎಣಿಸಿ. ಲಕ್ವದ ರೋಗಿಗಳಲ್ಲಿ ಹೃದಯದ ಮಿಡಿತವೇ ಏರುಪೇರಾಗಿರುವುದುಂಟು, 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಅದು ತಪ್ಪಿಹೋಗುತ್ತದೆ. ನಾಡಿ ಮುಗಿದ ಮೇಲೂ ಕೈ ಬಿಡದೆ, ನಾಡಿ ನೋಡುತ್ತಿರುವಂತೆಯೇ ಇದ್ದು ಎದೆಯ ಏರಿಳಿತವನ್ನು ಇನ್ನೊಂದು ನಿಮಿಷ ಎಣಿಸಿ. "ಉಸಿರು ಎಣಿಸ್ತೀನಿ" ಎಂದು ಹೇಳಿದರೆ ಯಾರದೇ ಆದರೂ ಉಸಿರಿನ ಲಯ ಬದಲಾಗುತ್ತದೆ. ದೊಡ್ಡವರಲ್ಲಿ 12ರಿಂದ 20 ಸಹಜ. ರೋಗಿ ಕೆಡುತ್ತಿರುವಾಗ ಬಿಪಿ ಇಳಿಯುವುದಕ್ಕೆ ಎಷ್ಟೋ ಮೊದಲೇ ಉಸಿರು ಏರುತ್ತದೆ. ಆದರೂ ಎಲ್ಲ ಬೆಡ್‌ಗೂ 20 ಎಂದು ಬರೆದ ಚಾರ್ಟ್‌ಗಳು ಕಾಣುತ್ತವೆ. ಈ ಒಂದು ನಿಮಿಷವನ್ನು ದಯವಿಟ್ಟು ಉಳಿಸಬೇಡಿ.

8.45: ಸ್ಪಂಜ್ ಬಾತ್ ಮತ್ತು ಚರ್ಮ

10 ಗಂಟೆಗೆ ಫೀಡ್ ಇದೆ. ಆದ್ದರಿಂದ ಮಲಗಿಸಿ ಮಾಡುವ ಕೆಲಸವೆಲ್ಲ ಅದಕ್ಕೆ ಮೊದಲೇ ಮುಗಿಯಬೇಕು.

ಸ್ಕ್ರೀನ್ ಎಳೆಯಿರಿ, ಫ್ಯಾನ್ ನಿಲ್ಲಿಸಿ, ಬೆಡ್ ಎತ್ತರಿಸಿಕೊಳ್ಳಿ. ಬೇಕಾದ್ದೆಲ್ಲ ಟ್ರಾಲಿಯಲ್ಲಿ ಇದೆಯೇ ನೋಡಿಕೊಳ್ಳಿ, ಅರ್ಧದಲ್ಲಿ ಟವೆಲ್ ತರಲು ಓಡಿದರೆ ರೋಗಿ ಬರಿಮೈಯಲ್ಲಿ ನಡುಗುತ್ತಿರುತ್ತಾರೆ. ನೀರಿನ ಬಿಸಿಯನ್ನು ನಿಮ್ಮ ಮೊಣಕೈಯಿಂದ ನೋಡಿ, ಅವರ ಬಲಗೈಗೆ ಬಿಸಿ ತಿಳಿಯದೇ ಇರಬಹುದು. ಮೊದಲು ಕಣ್ಣು, ಸೋಪಿಲ್ಲದೆ, ಮೂಗಿನ ಕಡೆಯಿಂದ ಹೊರಕ್ಕೆ, ಒಂದೊಂದು ಕಣ್ಣಿಗೆ ಬಟ್ಟೆಯ ಬೇರೆ ಮೂಲೆ. ಆಮೇಲೆ ಮುಖ, ಕೈ, ಎದೆ, ಹೊಟ್ಟೆ, ಕಾಲು, ಬೆನ್ನು. ಕೊನೆಗೆ ಗುಪ್ತಾಂಗ, ಹೊಸ ನೀರು ಹೊಸ ಬಟ್ಟೆಯಲ್ಲಿ. ಒರೆಸುತ್ತಿರುವ ಭಾಗ ಬಿಟ್ಟು ಉಳಿದ ಮೈ ಮುಚ್ಚಿರಲಿ. ಸಕ್ಕರೆ ಕಾಯಿಲೆಯವರ ಕಾಲ್ಬೆರಳ ಸಂದಿಯಲ್ಲಿ ತೇವ ಉಳಿಯಬಾರದು, ಅಲ್ಲೇ ಹುಣ್ಣು ಶುರುವಾಗುತ್ತದೆ. ಅಂಗಿ ತೆಗೆಯುವಾಗ ಮೊದಲು ಚೆನ್ನಾಗಿರುವ ಕೈ, ಹಾಕುವಾಗ ಮೊದಲು ಬಿದ್ದ ಕೈ.

ಮಗ್ಗುಲು ಬದಲಿಸುವಾಗ ಬಲಗೈ ಹಿಡಿದು ಎಳೆಯಬೇಡಿ. ಶಕ್ತಿಯಿಲ್ಲದ ಭುಜದ ಕೀಲು ಸುಲಭವಾಗಿ ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಕೆಳಗೆ ಅಡ್ಡಲಾಗಿ ಹಾಸಿದ ಬಟ್ಟೆಯನ್ನು (ಡ್ರಾಶೀಟ್) ಹಿಡಿದು ಇಬ್ಬರು ಸೇರಿ ಎತ್ತಿ ಸರಿಸಿ. ಎತ್ತದೆ ಜಾರಿಸಿದರೆ ಮೇಲಿನ ಚರ್ಮ ಹಾಸಿಗೆಗೆ ಅಂಟಿ ನಿಂತು ಒಳಗಿನ ಮಾಂಸ ಸರಿಯುತ್ತದೆ, ಹೊರಗೆ ಏನೂ ಕಾಣದೆ ಒಳಗೆ ಹರಿಯುತ್ತದೆ.

ಬೆನ್ನು ತಿರುಗಿದಾಗ ಚರ್ಮ ನೋಡುವುದೇ ಈ ಇಡೀ ಸ್ನಾನದ ಮುಖ್ಯ ಲಾಭ. ಟೈಲ್‌ಬೋನ್ ಮೇಲೆ, ಸೊಂಟದ ಪಕ್ಕ, ಹಿಮ್ಮಡಿ, ತಲೆಯ ಹಿಂಭಾಗ, ಕಿವಿಯ ಹಿಂದೆ. ಬೆಡ್‌ಸೋರ್‌ನ (ಒತ್ತಡದ ಹುಣ್ಣಿನ) ಮೊದಲ ಹಂತ ಎಂದರೆ ಒತ್ತಿ ಬಿಟ್ಟರೂ ಬಿಳಿಚದ ಕೆಂಪು ಎಂದು ಪುಸ್ತಕ ಹೇಳುತ್ತದೆ. ನಮ್ಮವರ ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಆ ಕೆಂಪು ಕಾಣುವುದೇ ಅಪರೂಪ. ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ: ಸುತ್ತಲಿನ ಜಾಗಕ್ಕಿಂತ ಬಿಸಿಯೇ, ತಣ್ಣಗೇ, ಗಟ್ಟಿಯೇ, ಮೆತ್ತಗೇ, ಬಣ್ಣ ನೀಲಿಗೆ ತಿರುಗಿದೆಯೇ. ಅಂಥ ಜಾಗವನ್ನು ಎಣ್ಣೆ ಹಾಕಿ ತಿಕ್ಕಬೇಡಿ, ಮೊದಲೇ ನಲುಗಿದ ಸಣ್ಣ ರಕ್ತನಾಳಗಳು ಒಡೆಯುತ್ತವೆ. ಅದರ ಮೇಲೆ ಭಾರ ಬೀಳದಂತೆ ಮಲಗಿಸುವುದೇ ಮದ್ದು. ಏರ್ ಬೆಡ್ ಇದ್ದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ.

ಕೊನೆಗೆ ಬಾಯಿ. ಪಕ್ಕಕ್ಕೆ ತಿರುಗಿಸಿ, ಸಕ್ಷನ್ ತಯಾರಿಟ್ಟು, ಹಿಂಡಿದ ಗಾಜ್ ಬಟ್ಟೆಯಿಂದ ಒರೆಸಿ. ಬಲಕೆನ್ನೆಯ ಒಳಗೆ ಬೆರಳಗಲ ಜಾಗದಲ್ಲಿ ಅನ್ನದ ಅಗುಳೋ ಬಾಳೆಹಣ್ಣೋ ಸಿಕ್ಕರೆ ಯಾರೋ ಬಾಯಿಗೆ ಕೊಟ್ಟಿದ್ದಾರೆ ಎಂದು ತಿಳಿಯಿತು, ಕೂಡಲೇ ಸಿಸ್ಟರ್‌ಗೆ ತಿಳಿಸಿ.

10 ಗಂಟೆ: ರೈಲ್ಸ್ ಟ್ಯೂಬ್ ಫೀಡ್

ತಲೆ ಕಡೆಯನ್ನು 30ರಿಂದ 45 ಡಿಗ್ರಿ ಎತ್ತರಿಸಿ. ಟ್ಯೂಬ್ ಹಾಕಿದ ದಿನ ಮೂಗಿನ ಹೊಳ್ಳೆಯ ಬಳಿ ಎಷ್ಟು ಸೆಂಟಿಮೀಟರ್ ಗುರುತು ಇತ್ತೋ ಈಗಲೂ ಅಷ್ಟೇ ಇದೆಯೇ ನೋಡಿ, ಸ್ನಾನದಲ್ಲಿ ಎಳೆದುಹೋಗಿರಬಹುದು. ಸಿರಿಂಜ್‌ನಿಂದ ಸ್ವಲ್ಪ ಹೊಟ್ಟೆಯ ರಸ ಎಳೆದು ಪಿಎಚ್ ಪಟ್ಟಿಯಲ್ಲಿ ನೋಡಿದಾಗ 5.5 ಅಥವಾ ಕಡಿಮೆ ಇರಬೇಕು. ಗಾಳಿ ಊದಿ ಹೊಟ್ಟೆಯ ಮೇಲೆ ಸ್ಟೆತ್ ಇಟ್ಟು ಬುಸ್ ಸದ್ದು ಕೇಳುವ ಹಳೆಯ ಪದ್ಧತಿಯನ್ನು ನಂಬಬೇಡಿ, ಟ್ಯೂಬ್ ಶ್ವಾಸಕೋಶದಲ್ಲಿದ್ದರೂ ಅಂಥದ್ದೇ ಸದ್ದು ಬರುತ್ತದೆ. ಮೊದಲ ಸಲ ಹಾಕಿದಾಗ ಎಕ್ಸ್‌ರೇಯೇ ಖಚಿತ ಸಾಕ್ಷಿ. ಸಂದೇಹ ಬಂದರೆ ಫೀಡ್ ನಿಲ್ಲಿಸಿ ಕೇಳಿ.

30 ಎಂಎಲ್ ನೀರು, ಆಮೇಲೆ ಬರೆದಿರುವಷ್ಟು ಫೀಡ್, ಮತ್ತೆ 30 ಎಂಎಲ್ ನೀರು. ಸಿರಿಂಜ್‌ನ ಪಿಸ್ಟನ್ ತಳ್ಳದೆ, ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಡಿ. 200 ಎಂಎಲ್‌ಗೆ ಹದಿನೈದು ನಿಮಿಷವಾದರೂ ಬೇಕು. ರಾಗಿ ಗಂಜಿಯನ್ನು ಸೋಸದೆ ಹಾಕಿದರೆ ಟ್ಯೂಬ್ ಕಟ್ಟಿಕೊಳ್ಳುತ್ತದೆ. ಮಾತ್ರೆ ಪುಡಿ ಮಾಡುವ ಮುನ್ನ ಹೆಸರು ನೋಡಿ, ಎಸ್‌ಆರ್ ಅಥವಾ ಎಕ್ಸ್‌ಆರ್ ಎಂದಿರುವುದನ್ನು, ಹೊಟ್ಟೆಯಲ್ಲಿ ಕರಗದಂತೆ ಲೇಪ ಹಾಕಿರುವುದನ್ನು ಪುಡಿ ಮಾಡುವಂತಿಲ್ಲ. ದಿನವಿಡೀ ನಿಧಾನ ಬಿಡುಗಡೆಯಾಗಬೇಕಾದ ಮದ್ದು ಒಂದೇ ಸಲ ಇಳಿಯುತ್ತದೆ. ಫೀಡ್ ಮುಗಿದು 30ರಿಂದ 60 ನಿಮಿಷ ತಲೆ ಇಳಿಸಬೇಡಿ.

ಡ್ರಿಪ್ಸ್, ಮೂತ್ರ, ಲೆಕ್ಕ

500 ಎಂಎಲ್ 6 ಗಂಟೆಗೆ ಎಂದಿದ್ದರೆ: ಡ್ರಿಪ್ ಸೆಟ್‌ನ ಕವರ್ ಮೇಲೆ ಎಂಎಲ್‌ಗೆ ಎಷ್ಟು ಹನಿ ಎಂದು ಅಚ್ಚಾಗಿರುತ್ತದೆ, 20 ಎಂದಿಟ್ಟುಕೊಳ್ಳಿ. 500 ಗುಣಿಸು 20, ಭಾಗಿಸು 360 ನಿಮಿಷ, ನಿಮಿಷಕ್ಕೆ 28 ಹನಿ. ಕೈ ಮಡಿಸಿದರೆ, ಮಗ್ಗುಲು ಬದಲಿಸಿದರೆ ವೇಗ ಬದಲಾಗುತ್ತದೆ, ಪ್ರತಿ ಸಲವೂ ಮತ್ತೆ ಎಣಿಸಿ. ಸೂಜಿಯ ಜಾಗ ಊದಿ ತಣ್ಣಗಿದ್ದರೆ ದ್ರವ ಹೊರಗೆ ಸೋರುತ್ತಿದೆ. ಬಿಸಿಯಾಗಿ ಕೆಂಪಾಗಿ ನೋವಿದ್ದರೆ ರಕ್ತನಾಳ ಉರಿಯೂತಕ್ಕೆ ಬಂದಿದೆ. ಎರಡರಲ್ಲೂ ನಿಲ್ಲಿಸಿ ಹೇಳಿ.

ಮೂತ್ರ ಗಂಟೆಗೆ, ಕೆಜಿ ತೂಕಕ್ಕೆ ಅರ್ಧ ಎಂಎಲ್‌ಗಿಂತ ಕಡಿಮೆಯಾಗಬಾರದು. 60 ಕೆಜಿಗೆ ಗಂಟೆಗೆ 30, ಆರು ಗಂಟೆಯ ಪಾಳಿಗೆ 180 ಎಂಎಲ್. ಚೀಲ ಸೊಂಟಕ್ಕಿಂತ ಕೆಳಗೆ, ನೆಲಕ್ಕಿಂತ ಮೇಲೆ. ಬಾಯಲ್ಲಿ ಕುಡಿಯುವ ರೋಗಿಗಳಾದರೆ ಮನೆಯವರು "ಎರಡು ಲೋಟ ಕುಡಿದ್ರು" ಎನ್ನುತ್ತಾರೆ. ಆ ಮನೆಯ ಲೋಟಕ್ಕೆ ಒಮ್ಮೆ ನೀರು ತುಂಬಿ ಅಳತೆ ಜಾಡಿಗೆ ಸುರಿದು ನೋಡಿ ಬರೆದಿಡಿ. ಕಾಫಿ ಲೋಟಕ್ಕೂ ನೀರಿನ ಚೊಂಬಿಗೂ ಬಹಳ ಅಂತರ.

12.30: ಸಕ್ಕರೆ ಮತ್ತು ಇನ್ಸುಲಿನ್

ಬೆರಳಿನ ತುದಿಗೆ ಚುಚ್ಚದೆ ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಬೆರಳಿಗೆ ಹಣ್ಣಿನ ರಸ ಮೆತ್ತಿದ್ದರೆ ಸಕ್ಕರೆ ಸುಳ್ಳೇ ಹೆಚ್ಚು ಬರುತ್ತದೆ, ತೊಳೆದು ಒರೆಸಿ. ಸ್ಪಿರಿಟ್ ಹಚ್ಚಿದ್ದರೆ ಒಣಗಲಿ.

ಇನ್ಸುಲಿನ್ ವಿಷಯದಲ್ಲಿ ನಮ್ಮ ದೇಶದಲ್ಲಿ ಒಂದು ವಿಶೇಷ ಅಪಾಯವಿದೆ. ಒಂದು ಎಂಎಲ್‌ಗೆ 40 ಯೂನಿಟ್ ಇರುವ ಬಾಟಲಿಯೂ 100 ಯೂನಿಟ್ ಇರುವುದೂ ಮಾರುಕಟ್ಟೆಯಲ್ಲಿವೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. 12 ಯೂನಿಟ್ ಕೊಡಬೇಕೆಂದು 100ರ ಬಾಟಲಿಯಿಂದ ಕೆಂಪು ಸಿರಿಂಜ್‌ನಲ್ಲಿ 12ರ ಗೆರೆಗೆ ಎಳೆದರೆ, ಒಳಗೆ ಬರುವುದು 30 ಯೂನಿಟ್. ಎರಡೂವರೆ ಪಟ್ಟು. ಇದನ್ನೇ ತಿರುಗಾಮುರುಗಾ ಮಾಡಿದರೆ 5 ಯೂನಿಟ್ ಕೂಡ ಹೋಗುವುದಿಲ್ಲ. ಬಾಟಲಿಯ ಅಂಕಿ, ಸಿರಿಂಜ್‌ನ ಅಂಕಿ ಎರಡನ್ನೂ ಗಟ್ಟಿಯಾಗಿ ಓದಿ, ಎಳೆದ ಸಿರಿಂಜ್ ಅನ್ನು ಇನ್ನೊಬ್ಬರಿಗೆ ತೋರಿಸಿ, ಆಮೇಲೆ ಚುಚ್ಚಿ.

ಕೊಡುವ ಮೊದಲು 1 ಗಂಟೆಯ ಫೀಡ್ ತಯಾರಿದೆಯೇ, ಟ್ಯೂಬ್ ಸರಿಯಿದೆಯೇ ನೋಡಿ. ಇನ್ಸುಲಿನ್ ಕೊಟ್ಟ ಮೇಲೆ "ಟ್ಯೂಬ್ ಹೊರಗೆ ಬಂದಿದೆ, ಫೀಡ್ ಆಗಲ್ಲ" ಎಂದು ತಿಳಿದರೆ ಸಕ್ಕರೆ ಇಳಿಯುವುದು ನಿಶ್ಚಿತ. ಬೇರೆಯವರಾದರೆ "ಕೈ ನಡುಗ್ತಿದೆ, ಕಣ್ಣು ಕತ್ತಲೆ" ಎಂದು ಹೇಳುತ್ತಾರೆ. ನಮ್ಮ ರೋಗಿಗೆ ಮಾತಿಲ್ಲ. ಹಣೆಯ ತಣ್ಣನೆ ಬೆವರು, ಎಬ್ಬಿಸಿದರೂ ಮಂಪರು ಕಂಡರೆ ಮೊದಲು ಸಕ್ಕರೆ ನೋಡಿ. 70ಕ್ಕಿಂತ ಕಡಿಮೆ ಎಂದರೆ ತುರ್ತು.

ಚುಚ್ಚಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಸೂಜಿ ಬಿಳಿ ಡಬ್ಬಕ್ಕೆ, ಸೂಜಿ ತೆಗೆದ ಸಿರಿಂಜ್, ಡ್ರಿಪ್ ಟ್ಯೂಬ್, ಗ್ಲೌಸ್ ಕೆಂಪಿಗೆ, ರಕ್ತದ ಹತ್ತಿ ಹಳದಿಗೆ, ಗಾಜಿನ ಆ್ಯಂಪುಲ್ ನೀಲಿಗೆ. ಸೂಜಿ ನಿಮಗೇ ಚುಚ್ಚಿತೆಂದರೆ ಹಿಂಡಬೇಡಿ, ಹರಿಯುವ ನೀರು ಮತ್ತು ಸೋಪಿನಲ್ಲಿ ತೊಳೆದು ಆಗಲೇ ತಿಳಿಸಿ. ಎಚ್ಐವಿ ತಡೆಯುವ ಮದ್ದು ಬೇಕೆಂದಾದರೆ ಎರಡು ಗಂಟೆಯೊಳಗೆ ಶುರುವಾಗುವುದು ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ, 28 ದಿನ ತೆಗೆದುಕೊಳ್ಳಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಡುವವರು ಕಳೆದುಕೊಳ್ಳುವುದು ಈ ಸಮಯವನ್ನೇ.

ರೋಗಿಯ ಮಾತು, ನಮ್ಮ ವರದಿ

ಅಕ್ಕಪಕ್ಕದ ಬೆಡ್‌ನವರ ದೂರುಗಳನ್ನೂ ಕೇಳಲು ಕಲಿಯಿರಿ. "ಗ್ಯಾಸ್ಟ್ರಿಕ್ ಆಗಿದೆ" ಎಂದವರ ಎದೆ ಹಿಡಿದಿದ್ದು ಹಾರ್ಟ್ ಅಟ್ಯಾಕ್ ಆಗಿರಬಹುದು, ಜಾಗ ತೋರಿಸಲು ಹೇಳಿ. "ಸಂಕಟ" ಎಂದರೆ ಒಬ್ಬರಿಗೆ ವಾಕರಿಕೆ, ಇನ್ನೊಬ್ಬರಿಗೆ ಉಸಿರುಗಟ್ಟುವುದು. ಉತ್ತರ ಕರ್ನಾಟಕದವರ "ತ್ರಾಸ" (ತೊಂದರೆ), "ಬ್ಯಾನಿ" (ನೋವು) ಮೈಸೂರು ಕಡೆಯಿಂದ ಬಂದವರಿಗೆ ತಕ್ಷಣ ಹೊಳೆಯದು. "ಒಂದಕ್ಕೆ ಹೋದ್ರಾ, ಎರಡಕ್ಕೆ ಹೋದ್ರಾ" ಎಂದು ಕೇಳಿದರೆ ಅಜ್ಜಿಯಂದಿರು ಸಂಕೋಚವಿಲ್ಲದೆ ಹೇಳುತ್ತಾರೆ. ನಿಮ್ಮ ತರಗತಿಯಲ್ಲಿ ಕೇರಳದಿಂದಲೋ ಈಶಾನ್ಯದಿಂದಲೋ ಬಂದವರಿದ್ದರೆ ಈ ಪದಗಳನ್ನು ಬರೆದುಕೊಡಿ, ಅವರ ರೋಗಿಗೂ ಅದು ಉಪಕಾರ.

ಏನಾದರೂ ಕೆಟ್ಟದ್ದು ಕಂಡಾಗ "ಸಿಸ್ಟರ್, 12ನೇ ಬೆಡ್ ಏನೋ ಸರಿಯಿಲ್ಲ" ಎಂದರೆ ಯಾರೂ ಓಡಿಬರುವುದಿಲ್ಲ. ಹೀಗೆ ಹೇಳಿ: "ಸಿಸ್ಟರ್, 12ನೇ ಬೆಡ್, ಲಕ್ವದ ರೋಗಿ. 10 ಗಂಟೆಗೆ ಫೀಡ್ ಆಯ್ತು, ಆಮೇಲೆ ಕೆಮ್ಮಿದ್ರು. ಬೆಳಿಗ್ಗೆ ಉಸಿರು 18 ಇತ್ತು, ಈಗ 28. ಆಕ್ಸಿಜನ್ 96ರಿಂದ 90ಕ್ಕೆ ಬಂದಿದೆ. ಎದೆಗೆ ಫೀಡ್ ಹೋಗಿದೆಯೇನೋ ಅನ್ನಿಸ್ತಿದೆ. ತಲೆ ಎತ್ತರಿಸಿದ್ದೀನಿ. ಈಗಲೇ ಬಂದು ನೋಡಿ."

ಬರವಣಿಗೆಯೂ ಇಷ್ಟೇ ನೇರವಾಗಿರಲಿ. ಮಾಡಿದ ಮೇಲೆಯೇ ಬರೆಯಿರಿ, ಗಂಟೆ ಹಾಕಿ. ತಪ್ಪಾದರೆ ಒಂದೇ ಗೆರೆ ಎಳೆದು ಸಹಿ ಮಾಡಿ, ವೈಟ್ನರ್ ಹಚ್ಚಬೇಡಿ. ಕೇರ್ ಪ್ಲಾನ್‌ನಲ್ಲಿ ನರ್ಸಿಂಗ್ ಡಯಾಗ್ನೋಸಿಸ್ ಎಂದು 'ಸ್ಟ್ರೋಕ್' ಅಂತ ಬರೆಯುವುದು ತಪ್ಪು, ಅದು ಡಾಕ್ಟರ ಡಯಾಗ್ನೋಸಿಸ್. 'ಬಲಭಾಗ ಅಲುಗದ ಕಾರಣ ಒತ್ತಡದ ಹುಣ್ಣಾಗುವ ಅಪಾಯ' ಎಂಬುದು ನಿಮ್ಮದು. ಗುರಿ 'ಚರ್ಮ ಚೆನ್ನಾಗಿರಬೇಕು' ಎಂದಾಗಬಾರದು, 'ಡಿಸ್ಚಾರ್ಜ್ ತನಕ ಟೈಲ್‌ಬೋನ್, ಹಿಮ್ಮಡಿಗಳಲ್ಲಿ ಚರ್ಮ ಒಡೆಯದಿರುವುದು' ಎಂದು ಬರೆದರೆ ಸಾಧಿಸಿದೆವೋ ಇಲ್ಲವೋ ಎಂದು ನೋಡಬಹುದು.

2 ಗಂಟೆ

ಹೊರಡುವ ಮೊದಲು ಮತ್ತೆ ಬೆಡ್‌ನ ಕಾಲ ಬಳಿ ನಿಲ್ಲಿ. ತಲೆ ಕಡೆ ಎತ್ತರವಿದೆಯೇ, ಪಕ್ಕದ ಕಂಬಿ ಏರಿದೆಯೇ, ಬಲಗೈ ದಿಂಬಿನ ಮೇಲಿದೆಯೇ, ಹಿಮ್ಮಡಿ ಹಾಸಿಗೆಗೆ ತಾಗದೆ ಎತ್ತಿದೆಯೇ, ಕರೆಗಂಟೆ ಎಡಗೈಗೆ ಸಿಗುತ್ತದೆಯೇ. ಮುಂದಿನ ಪಾಳಿಯವರನ್ನು ಬೆಡ್ ಬಳಿ ಕರೆತಂದು, ಕೊನೆಯ ಮಗ್ಗುಲು ಯಾವ ಕಡೆ, ಎಷ್ಟು ಗಂಟೆಗೆ, 1 ಗಂಟೆಯ ಫೀಡ್ ಎಷ್ಟು ಹೋಯಿತು, ಇನ್ಸುಲಿನ್ ಎಷ್ಟು ಎಂದು ಹೇಳಿ. ಆಮೇಲೆ ರೋಗಿಯ ಎಡಗೈ ಹಿಡಿದು, "ಯಜಮಾನ್ರೇ, ನಾನು ಹೊರಟೆ. ಇನ್ನು ಇವರು ನೋಡ್ಕೋತಾರೆ" ಎಂದು ಹೊಸಬರನ್ನು ತೋರಿಸಿ, ಅವರ ಹೆಬ್ಬೆರಳು ಅಲುಗುವ ತನಕ ಕಾಯಿರಿ.